ಮರವೆಂಬ ಅಕ್ಷರವೂ ನಮ್ಮ ತುಳು ಲಿಪಿಯೂ

ಜೆಪ್ಪುವಿನಲ್ಲಿ ನಮ್ಮ ನೆರೆಮನೆಯ ಅಣ್ಣನೊಬ್ಬರು ಉದ್ಯೋಗಕ್ಕಾಗಿ ಜಪಾನಿಗೆ ಹೋಗುವ ಹಂಬಲದಿಂದ ಆ ದೇಶದ ಭಾಷೆಯನ್ನು ಕಲಿಯುತ್ತಿದ್ದಾರೆ. ಕಳೆದ ಮಳೆಗಾಲದ ಒಂದು ಸಂಜೆ ಅವರು ಚೌಕುಳಿ ಕಾಗದದ ಮೇಲೆ ಒಂದೇ ಅಕ್ಷರವನ್ನು ಸಾಲುಸಾಲಾಗಿ ಬರೆಯುತ್ತಿದ್ದುದನ್ನು ಕಂಡು ನಾನೂ ಬಳಿಯಲ್ಲಿ ಕುಳಿತೆನು. ಮೊದಲು ಒಂದು ಅಡ್ಡಗೆರೆ, ಅನಂತರ ಅದನ್ನು ಹಾಯ್ದು ಇಳಿಯುವ ನೇರಗೆರೆ, ಬಳಿಕ ಎಡಕ್ಕೊಂದು ಬಲಕ್ಕೊಂದು ಓರೆಗೆರೆ. ಒಟ್ಟಿಗೆ 4 ಗೆರೆ. "ಇದು ಮರ" ಎಂದರು. ನೋಡಿದರೆ ಮರವೇ! ಎರಡು ಮರಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ತೋಪು. ಒಂದರ ಕೆಳಗೆ ಎರಡನ್ನು ಬರೆದರೆ ಕಾಡು. ಮರದ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ ವಿಶ್ರಾಂತಿ. ಚೀನಾದಿಂದ ಜಪಾನಿಗೆ ಬಂದ ಈ ಬಗೆಯ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. (ನಮಗೆ ತಿಳಿದಿದ್ದುದು ಗಂಜಿ ಮಾತ್ರ.) ನಿತ್ಯ ಬಳಕೆಗೆ ಬೇಕಾದವೆಂದು ಜಪಾನಿನ ಸರಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2,136 ಇವೆಯಂತೆ. ಇನ್ನೂ ಸೋಜಿಗವೆಂದರೆ ಒಂದೇ ಅಕ್ಷರಕ್ಕೆ ಹಲವು ಉಚ್ಚಾರ. ಮರವನ್ನು ಒಂದೆಡೆ 'ಕಿ' ಎಂದೂ ಮತ್ತೊಂದೆಡೆ 'ಮೊಕು' ಎಂದೂ ಓದಬೇಕು. ಸದ್ದು ಬದಲಾದರೂ ಮರ ಮರವಾಗಿಯೇ ಉಳಿಯುತ್ತದೆ.

ಅಷ್ಟರಲ್ಲಿ ಅವರು, "ನಮ್ಮದು ಕೊಂಕಣಿ, ಸಿಕ್ಕಿದ ಲಿಪಿಯಲ್ಲೆಲ್ಲ ಬರೆಯುತ್ತೇವೆ. ನಿಮ್ಮ ತುಳುವಿಗೆ ಲಿಪಿ ಉಂಟಂತಲ್ಲ, ನಿನಗೆ ಬರುತ್ತದೆಯೇ?" ಎಂದು ಕೇಳಿದರು. ನಾನು ನಿರುತ್ತರಳಾದೆನು. ಅಂದಿನಿಂದ ಆ ಲಿಪಿಯನ್ನು ಕಲಿಯತೊಡಗಿದೆನು. ಮೊದಲು ಕೈಗೆ ಹತ್ತಿದುದು 'ಕ'. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಈ ಅಕ್ಷರ ಬರಿಯ ಕೂಡುವ ಚಿಹ್ನೆ: ಒಂದು ನೇರಗೆರೆ, ಒಂದು ಅಡ್ಡಗೆರೆ. ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆಯಲ್ಲಿ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಅದೂ ಇದೇ ಬ್ರಾಹ್ಮಿಯಲ್ಲಿದೆ. ಅದೇ ಬೇರಿನ ಒಂದು ಟಿಸಿಲು ಕನ್ನಡವಾಯಿತು. ಇನ್ನೊಂದು ತೆಂಕಣ ಗ್ರಂಥಲಿಪಿಯ ದಾರಿ ಹಿಡಿದು ಮಲಯಾಳವೂ ತುಳುವೂ ಆಯಿತು. ತುಳುವಿನ 'ಕ' ಕನ್ನಡಕ್ಕಿಂತ ಮಲಯಾಳದ 'ಕ'ವನ್ನು ಹೆಚ್ಚು ಹೋಲುವುದು ಈ ಕಾರಣದಿಂದಲೇ. ಬ್ರಾಹ್ಮಿಯ 'ಕ'ಕ್ಕೆ ಎರಡು ಓರೆಗೆರೆ ಸೇರಿಸಿದರೆ ಜಪಾನಿನ ಮರವಾಗುವುದಲ್ಲ ಎಂದು ನಾನೊಮ್ಮೆ ಹಿಗ್ಗಿದ್ದುಂಟು. ಅದು ಬರಿಯ ಆಕಸ್ಮಿಕ. ನಮ್ಮ ಅಕ್ಷರ ಸದ್ದನ್ನು ಹಿಡಿಯುತ್ತದೆ, ಅರ್ಥವನ್ನಲ್ಲ.

ಆದರೆ ಅಕ್ಷರವನ್ನು ಆಕಾರದಿಂದಲೇ ಓದುವ ಜನ ನಮ್ಮಲ್ಲಿಯೂ ಇದ್ದರು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಇದೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನೇತ್ರಾವತಿಯ ದಂಡೆಯ ಎಷ್ಟೋ ಮನೆಗಳಿಗೆ ಹಂಚೇ ಅನ್ನವಾಯಿತು. ನನ್ನ ಅಜ್ಜನೂ ಹಂಚಿನ ಕೆಲಸದವರು. ಅವರಿಗೆ ಓದು ಬಾರದು. ಆದರೂ ಹಂಚನ್ನು ಮಗುಚಿ, ಬೆನ್ನಿನ ಮೇಲಿನ ಇಂಗ್ಲಿಷ್ ಅಚ್ಚನ್ನು ಬೆರಳಿನಿಂದ ಸವರಿ ಇಂಥ ಕಾರ್ಖಾನೆಯದೆಂದು ಹೇಳುತ್ತಿದ್ದರು. ಒಂದು ಅಕ್ಷರವನ್ನೂ ಉಚ್ಚರಿಸಲಾರದೆ ಪೂರ್ತಿ ಹೆಸರನ್ನೇ ಓದುತ್ತಿದ್ದರು!

ಇನ್ನು ನನ್ನ ಅಭಿಪ್ರಾಯಕ್ಕೆ ಬರುವೆನು. ತುಳುವಿಗೆ ತುಳು ಲಿಪಿಯೇ ಆಗಬೇಕು, ಕನ್ನಡ ಲಿಪಿ ಎರವಲು ಎಂದು ಕೆಲವು ಮಿತ್ರರು ಆವೇಶದಿಂದ ವಾದಿಸುತ್ತಾರೆ. ಅವರಲ್ಲಿ ಎಷ್ಟು ಜನ ಒಂದು ತಾಳೆಗರಿಯನ್ನು ಓದಬಲ್ಲರು? ನಾಮಫಲಕದ ಮೇಲೆ ನಾಲ್ಕು ಅಕ್ಷರ ಬರೆಸಿದ ಮಾತ್ರಕ್ಕೆ ಲಿಪಿ ಬದುಕಲಾರದು. ಮಂಗಳೂರಿನ ಮಿಶನ್ನಿನವರು 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದು ಕನ್ನಡ ಲಿಪಿಯಲ್ಲಿ. ಮ್ಯಾನರ್ ಪಂಡಿತರ 1886ರ ತುಳು ನಿಘಂಟಿನಲ್ಲಿಯೂ ತುಳು ಶಬ್ದಗಳಿಗೆ ಇದೇ ಲಿಪಿ. ಇಷ್ಟು ಕಾಲದ ಸಾಹಿತ್ಯವನ್ನು ಪರರದೆಂದು ತಳ್ಳಲಾದೀತೇ?

ಲಿಪಿ ಏಕೆ, ಕನ್ನಡ ಸಾಲದೇ ಎನ್ನುವವರ ಮಾತೂ ಪೂರ್ತಿ ಒಪ್ಪತಕ್ಕದ್ದಲ್ಲ. 'ನಾನು ಬರುತ್ತೇನೆ' ಎಂಬುದಕ್ಕೂ 'ಅವನು ಬರುತ್ತಾನೆ' ಎಂಬುದಕ್ಕೂ ತುಳುವಿನಲ್ಲಿ 'ಬರ್ಪೆ' ಎಂದೇ ಬರೆಯುತ್ತೇವೆ. ಆಡುವಾಗ ಕೊನೆಯ ಸ್ವರ ಬೇರೆ ಬೇರೆ. ನಮ್ಮ ಕಿವಿ ತಪ್ಪುವುದಿಲ್ಲ, ಕಾಗದ ತಪ್ಪುತ್ತದೆ. ಅದಕ್ಕಿಂತಲೂ ದೊಡ್ಡ ಮಾತು ಗರಿಗಳದು. 'ಶ್ರೀ ಭಾಗವತೊ', 'ಕಾವೇರಿ' ಮುಂತಾದ ಹಳೆಯ ತುಳು ಕಾವ್ಯಗಳು ತಾಳೆಗರಿಯಲ್ಲಿ ಅಡಗಿದ್ದುವು; ವೆಂಕಟರಾಜ ಪುಣಿಂಚತ್ತಾಯರಿಗೆ ಆ ಲಿಪಿ ಬರುತ್ತಿದ್ದುದರಿಂದ ನಮಗೆ ಅವು ದೊರಕಿದುವು. ಅವರು 2012ರಲ್ಲಿ ತೀರಿಕೊಂಡರು. ಉಳಿದ ಗರಿಗಳನ್ನು ಹುಳುವಿಗಿಂತ ಮೊದಲು ಓದುವವರು ಯಾರು? ಯೂನಿಕೋಡಿನವರು 2024ರ ಸೆಪ್ಟೆಂಬರಿನಲ್ಲಿ 'ತುಳು-ತಿಗಳಾರಿ' ಎಂಬ ಹೆಸರಿನಿಂದ ಈ ಲಿಪಿಗೆ ಸ್ಥಾನ ಕೊಟ್ಟರು. ಗಣಕಯಂತ್ರ ಕಲಿತಾಯಿತು, ನಾವು ಕಲಿತಿಲ್ಲ.

ಮುಚ್ಚಿಡಬಾರದ ಸಂಗತಿಯೊಂದಿದೆ. ಆ ಗರಿಗಳಲ್ಲಿ ಬಹುಪಾಲು ಸಂಸ್ಕೃತದವು, ಮಂತ್ರ ಶಾಸ್ತ್ರಗಳವು. ಘಟ್ಟದ ಮೇಲಿನ ಹವ್ಯಕರೂ ತಿಗಳಾರಿಯೆಂದು ಇದನ್ನೇ ಬಳಸಿದರು. ನನ್ನ ಹಿರಿಯರ ಕೈಗೆ ಅದು ಬಂದಿರಲಾರದು. ಅವರ ಪಾಡ್ದನಗಳು ಗದ್ದೆಯ ಬದುವಿನಲ್ಲಿ ಬಾಯಿಂದ ಬಾಯಿಗೆ ಬಂದುವು. ಹಾಗಾದರೆ ನಿನಗೇಕೆ ಈ ಲಿಪಿ ಎಂದು ಸಹಪಾಠಿಯೊಬ್ಬಳು ನನ್ನನ್ನು ಕೇಳಿದಳು. ಬಿ.ಎ. ಪದವಿಯೂ ನನ್ನ ಹಿರಿಯರ ಕೈಗೆ ಬಂದಿರಲಿಲ್ಲ. ಹಾಗೆಂದು ಪರೀಕ್ಷೆಗೆ ಕುಳಿತುಕೊಳ್ಳದಿರಲೇ?

ಆದುದರಿಂದ ನಮ್ಮ ಕಾಲೇಜಿನಲ್ಲಿ ಶನಿವಾರ ಒಂದು ಗಂಟೆಯಾದರೂ ತಾಳೆಗರಿ ಓದುವ ತರಗತಿಯನ್ನು ಆರಂಭಿಸಬೇಕೆಂದು ಪೂಜ್ಯ ಅಧ್ಯಾಪಕರಲ್ಲಿ ವಿನಂತಿಸುವೆನು. ಅಂಕ ಬೇಡ, ಪ್ರಮಾಣಪತ್ರ ಬೇಡ. ಹತ್ತು ಜನ ಬಂದರೆ ಸಾಕು.

ನನ್ನ ತಾಯಿ ಬೀಡಿ ಕಟ್ಟುವವರು. ಬ್ರಾಂಚಿನ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವವರು. ಅವರ ಹೆಸರು 'ಕ'ದಿಂದಲೇ ಮೊದಲಾಗುತ್ತದೆ. ನಾನು ಅದನ್ನು ತುಳು ಲಿಪಿಯಲ್ಲಿ ಬರೆದು ತೋರಿಸಿದೆನು. ಬೀಡಿಯ ಸೂಪನ್ನು ಮಡಿಲಿನಿಂದ ಕೆಳಗಿಟ್ಟು, "ಉಂದು ಎನ್ನ ಪುದರಾ?" ಎಂದು ಬಹಳ ಹೊತ್ತು ನೋಡಿದರು. ಇದು ನನ್ನ ಹೆಸರೇ ಎಂದು ಕೇಳುವಾಗ ಅವರ ಮುಖದಲ್ಲಿದ್ದುದನ್ನು ನಾನು ಬರೆಯಲಾರೆನು. ಮರುಗಳಿಗೆಯಲ್ಲಿಯೇ, ಬ್ರಾಂಚಿನವನಿಗೆ ಇದನ್ನು ಓದಲು ಬರುತ್ತದೆಯೇ ಎಂದು ವಿಚಾರಿಸಿದರು. ಬಾರದು ಎಂದೆನು. "ಹಾಗಾದರೆ ಅವನಿಗೆ ಬರುವುದನ್ನು ಮೊದಲು ಕಲಿಸು" ಎಂದರು.

ಈಗ ಅವರು ಆ ಪುಸ್ತಕದಲ್ಲಿ ಕನ್ನಡದಲ್ಲಿ ರುಜು ಹಾಕುತ್ತಾರೆ. ಬರೆದ ಲೆಕ್ಕವನ್ನು ತಾವೇ ನೋಡಿಕೊಳ್ಳುತ್ತಾರೆ. ಮೊದಲ ವಾರದಲ್ಲಿಯೇ ಒಂದು ಕಡೆ ತಪ್ಪು ಹಿಡಿದರು. ತುಳುವಿನ 'ಕ'ವನ್ನು ನನ್ನ ಹಳೆಯ ನೋಟು ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಿದ್ದಾರೆ. ಬಾಲ ಇನ್ನೂ ಸರಿಯಾಗಿ ಸುತ್ತಿಕೊಂಡಿಲ್ಲ.