ಇಳಿಜಾರು ತಾನೇ, ನ್ಯೂಟ್ರಲ್‌ಗೆ ಹಾಕಿ ಅನ್ನುವವರಿಗೆ



ರಜೆ ಬಂದರೆ ನಮ್ಮ ಧರ್ಮಕೇಂದ್ರಗಳಿಂದ ಟಿ.ಟಿ.ಗಳು ಹೊರಡುತ್ತವೆ. ಭರಣಂಗಾನಂನಲ್ಲಿ ಸಂತ ಅಲ್ಫೋನ್ಸಾರ ಸಮಾಧಿಗೆ ಹೋದವರಲ್ಲಿ ಕೆಲವರು ವಾಪಸ್ ಬರುವಾಗ ತೇಕಡಿ ನೋಡಿ, ಕುಮಳಿಯಲ್ಲಿ ಘಟ್ಟ ಇಳಿದು, ಕಂಬಂ, ತೇನಿ, ದಿಂಡಿಗಲ್ ಮೇಲೆ ಬೆಂಗಳೂರಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ವಂತಿಗೆ ಹಣ ಕರಗಿರುತ್ತದೆ, ಡೀಸೆಲ್ ಮುಳ್ಳು ಕೆಂಪಿನ ಹತ್ತಿರ ಇರುತ್ತದೆ. ಕೇರಳಕ್ಕಿಂತ ತಮಿಳುನಾಡಿನಲ್ಲಿ ಡೀಸೆಲ್ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಹಿಂದಿನ ಸೀಟಿನಿಂದ ಸಲಹೆ ಬರುತ್ತದೆ: "ಇಳಿಜಾರು ತಾನೇ ಅಣ್ಣ, ನ್ಯೂಟ್ರಲ್‌ಗೆ ಹಾಕಿ ಬಿಡಿ. ಕೆಳಗೆ ಹೋಗಿ ಹಾಕಿಸೋಣ."

ಈ ಸಲಹೆ ತಪ್ಪು. ಯಾರಾದರೂ ಕೊಟ್ಟರೆ ಉಳಿದವರು ಸುಮ್ಮನೆ ಕೂರುವುದೂ ತಪ್ಪು ಎಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಇದರಿಂದ ಇಂಧನ ಉಳಿಯುವುದಿಲ್ಲ. ಈಗಿನ ಗಾಡಿಗಳಲ್ಲಿ ಇಂಧನ ಎಷ್ಟು ಬಿಡಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ, ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಇಂಜಿನ್ ಆರದೆ ಇರಲು ಡೀಸೆಲ್ ಕುಡಿಯಲೇಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ. ಕಾರ್ಬ್ಯುರೇಟರ್ ಕಾಲದ ಲೆಕ್ಕ ಇನ್ನೂ ಜನರ ತಲೆಯಲ್ಲಿದೆ.

ಎರಡನೆಯದು ಬ್ರೇಕ್. ಬಿ.ಎಸ್ಸಿ. ಓದಿದ್ದಕ್ಕೆ ಒಂದು ಲೆಕ್ಕ ಮಾಡಲೇಬೇಕು. ಕುಮಳಿಯಿಂದ ಲೋವರ್ ಕ್ಯಾಂಪ್‌ಗೆ ಇಳಿಯುವುದು ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಎತ್ತರ. ಜನ, ಸಾಮಾನು ಸೇರಿ 4 ಟನ್ ಇರುವ ಟಿ.ಟಿ. ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 50 ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದೇ ಘಟ್ಟದಲ್ಲಿ ದೊಡ್ಡ ಪೈಪುಗಳನ್ನು ನೋಡಿರುತ್ತೀರಿ. ಮುಲ್ಲಪೆರಿಯಾರ್ ನೀರು ಅವುಗಳಲ್ಲಿ ಇಳಿದು ಕೆಳಗೆ ವಿದ್ಯುತ್ ಕೊಡುತ್ತದೆ. ಎತ್ತರದ ಶಕ್ತಿ ಅಂಥದ್ದು. ಗೇರ್‌ನಲ್ಲಿದ್ದರೆ ಅದರಲ್ಲಿ ಒಳ್ಳೆಯ ಪಾಲನ್ನು ಇಂಜಿನ್ ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಬಹುಪಾಲು ಬ್ರೇಕಿಗೆ ಬರುತ್ತದೆ. ಬ್ರೇಕ್ ಕಾದರೆ ಹಿಡಿತ ತಪ್ಪುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ತೇವ ಹೀರಿದ್ದರೆ ಅದೇ ಕುದಿದು, ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ಇಂಜಿನ್ ಆಫ್ ಮಾಡುವವರೂ ಇದ್ದಾರೆ, ಅದಂತೂ ಹುಚ್ಚು. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗ್ ಬಿಗಿಯುತ್ತದೆ.

2022ರ ಡಿಸೆಂಬರ್‌ನಲ್ಲಿ ಶಬರಿಮಲೆಯಿಂದ ತೇನಿ ಜಿಲ್ಲೆಗೆ ಹಿಂದಿರುಗುತ್ತಿದ್ದ ಯಾತ್ರಿಕರ ವಾಹನ ಇದೇ ಘಟ್ಟದಲ್ಲಿ, ಆ ಪೈಪುಗಳ ಹತ್ತಿರವೇ, ನಿಯಂತ್ರಣ ತಪ್ಪಿ ಕೆಳಗುರುಳಿತು. 8 ಜನ ತೀರಿಕೊಂಡರು. ಅವರ ಊರು ಇನ್ನೇನು ಹತ್ತಿರವಿತ್ತು.

ಟ್ಯಾಂಕ್ ಖಾಲಿಯಾಗುತ್ತಿದ್ದರೆ ಇನ್ನೊಂದು ತೊಂದರೆ. ಗಾಡಿ ಮುಂದಕ್ಕೆ ಬಾಗಿ ತಿರುವು ತೆಗೆದುಕೊಳ್ಳುವಾಗ ತಳದಲ್ಲಿರುವ ಚೂರು ಡೀಸೆಲ್ ಒಂದು ಮೂಲೆಗೆ ಸರಿಯುತ್ತದೆ, ಪಂಪ್ ಗಾಳಿ ಎಳೆದುಕೊಳ್ಳುತ್ತದೆ, ಇಂಜಿನ್ ತಿರುವಿನಲ್ಲೇ ಆರಬಹುದು. ಹಾಗಾದರೆ ಡ್ರೈವರ್ ಬ್ರೇಕನ್ನು ಪದೇಪದೇ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಬೇಕು.

ಆದರೆ ಡ್ರೈವರ್ ಅಣ್ಣನಿಗೆ ಪಾಠ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಡೀಸೆಲ್ ಸೇರಿಸಿ ಒಂದೇ ಮೊತ್ತಕ್ಕೆ ಗಾಡಿ ಮಾತಾಡಿ, ಅದರಲ್ಲೂ ಐನೂರು ಕಡಿಮೆ ಮಾಡಿಸಿದರೆ, ಅವರು ಉಳಿಸುವುದಾದರೂ ಎಲ್ಲಿ? ಘಟ್ಟದಲ್ಲೇ. ಪ್ರವಾಸದ ಲೆಕ್ಕದಲ್ಲಿ ಡೀಸೆಲ್ ಬೇರೆಯಾಗಿ ಬರೆದು, ಬಿಲ್ ನೋಡಿ ಕೊಡುವ ಪದ್ಧತಿ ನಮ್ಮ ಯುವಕರ ಸಂಘಗಳಿಗೆ ಬರಲಿ. ಕುಮಳಿಯಲ್ಲಿ 5 ಲೀಟರ್ ಹಾಕಿಸಿದರೆ ಹೆಚ್ಚಿಗೆ ಹೋಗುವುದು ಒಂದೆರಡು ಚಹಾದ ದುಡ್ಡು.

ಇಳಿದ ಮೇಲೆ ಕಂಬಂನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಬ್ರೇಕ್ ತಣ್ಣಗಾಗಲಿ. ಆ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುವ ಕುಟುಂಬಗಳಿವೆ. ದ್ರಾಕ್ಷಿ ಕೊಳ್ಳುವಾಗ ಕನ್ನಡದಲ್ಲೇ ರೇಟು ಕೇಳಿ ನೋಡಿ.