ಮಗು ಮೊದಲು ಕಲಿಯೋದು ಅಕ್ಷರ ಅಲ್ಲ



ಜೂನ್ ಬಂತು ಅಂದ್ರೆ ಎಲ್ಲೆಲ್ಲೂ ಎಲ್‌ಕೆಜಿ, ಯುಕೆಜಿ ಮಾತು. ನಮ್ಮ ಕೇರಿಯ ತಾಯಂದಿರೂ ಸಂಘದಲ್ಲಿ ಸಾಲ ತಗೊಂಡು ಮಗೂನ ಕಾನ್ವೆಂಟ್ ವ್ಯಾನು ಹತ್ತಿಸ್ತಿದ್ದಾರೆ. ಅವರನ್ನ ಬೈಯೋಕೆ ನನಗೆ ಬಾಯಿಲ್ಲ. ಯಾಕಂದ್ರೆ ನಾನು ಕೂತಿದ್ದ ಅಂಗನವಾಡಿ ನನಗಿನ್ನೂ ನೆನಪಿದೆ.

ಅದು ಊರೊಳಗಿತ್ತು. ಕೇರಿ ಮಕ್ಕಳು ಬಾಗಿಲ ಹತ್ರ ಕೂರ್ತಿದ್ವಿ. 'ಅಲ್ಲೇ ಕೂರು' ಅಂತ ಯಾರೂ ಹೇಳಿದ ನೆನಪಿಲ್ಲ, ನಮಗೇ ಗೊತ್ತಿತ್ತು. ಒಂದಿನ ಟೀಚರ್ ಚಿತ್ರ ತೋರಿಸಿ ಇದೇನು ಅಂದ್ರು. ನಾನು ಜೋರಾಗಿ 'ಅಣ್ಣು' ಅಂದೆ. ಅವರು ನಕ್ಕರು, ಎಲ್ಲರೂ ನಕ್ಕರು. ಊರಿನ ಮಕ್ಕಳೂ ಮನೇಲಿ 'ಅಣ್ಣು' ಅಂತಲೇ ಅಂತಿದ್ರು. ನಗು ಬಿದ್ದಿದ್ದು ಮಾತ್ರ ನನ್ನ ಮೇಲೆ. ಆಮೇಲೆ ಎಷ್ಟೋ ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಮೂರರಿಂದ ಆರು ವರ್ಷ ಕಲಿಕೆಯ ಬುನಾದಿ ಅಂತಾರೆ. ಹಾಡು, ಕಥೆ, ಆಟ, ಮಾತು ಎಲ್ಲಾ ಬೇಕು, ನಿಜ. ಆದರೆ ಅದಕ್ಕೂ ಮೊದಲು ಮಗು ಇನ್ನೊಂದು ಪಾಠ ಕಲಿತುಬಿಟ್ಟಿರುತ್ತೆ: ನನ್ನ ಚಾಪೆ ಎಲ್ಲಿದೆ, ನನ್ನ ತಟ್ಟೆ ಯಾರು ಮುಟ್ಟುತ್ತಾರೆ, ನನ್ನ ಹೆಸರು ಹಿಡಿದು ಯಾರು ಕರೀತಾರೆ. ಈ ಪಾಠದ ಟೀಚರ್ ಸರಿಯಿಲ್ಲದಿದ್ರೆ ಅಆಇಈ ಕಲಿಸಿ ಏನು ಬಂತು?

'ಅಂಗನವಾಡಿ' ಅನ್ನೋ ಪದದ ಹಿಂದೆಯೇ ನಮ್ಮ ಕಥೆ ಇದೆ. 1945ರಲ್ಲಿ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಅನುತಾಯಿ ವಾಘ್ ಅವರ ಜೊತೆಗಿದ್ದರು. ದಲಿತ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು. ಕೇರಿಯ ಅಂಗಳದಲ್ಲಿ ಹುಟ್ಟಿದ್ದನ್ನ ನಮ್ಮೂರುಗಳಲ್ಲಿ ದೇವಸ್ಥಾನದ ಬೀದಿಗೆ ಹಾಕಿದ್ರೆ ನಮ್ಮ ಮಗು ಬಾಗಿಲಲ್ಲೇ ಕೂರುತ್ತೆ.

ಇನ್ನೊಂದು ಮಾತು. ಬಾಬಾಸಾಹೇಬರ ಕಾಲದ ಸಂವಿಧಾನದ 45ನೇ ವಿಧಿ 14 ವರ್ಷ ತುಂಬುವವರೆಗೆ ಎಲ್ಲಾ ಮಕ್ಕಳಿಗೂ ಉಚಿತ ಶಿಕ್ಷಣ ಅಂದಿತ್ತು. ಎಷ್ಟನೇ ವಯಸ್ಸಿಂದ ಅಂತ ಗೆರೆ ಎಳೆದಿರಲಿಲ್ಲ. 2002ರ 86ನೇ ತಿದ್ದುಪಡಿ 6ರಿಂದ 14ರವರಿಗೆ ಮಾತ್ರ ಮೂಲಭೂತ ಹಕ್ಕು ಕೊಟ್ಟು, ಆರರೊಳಗಿನ ಕೂಸುಗಳನ್ನ ಸರ್ಕಾರ 'ಪ್ರಯತ್ನಿಸಬೇಕು' ಅನ್ನೋ ಹಳೇ ಸಾಲಲ್ಲೇ ಬಿಟ್ಟಿತು. ಕಾಸಿದ್ದವರು ಕಾನ್ವೆಂಟಿಗೆ ಹೋದರು. ನಾವು ಪ್ರಯತ್ನ ನೋಡ್ತಾ ಕೂತಿದ್ದೀವಿ.

ಹಾಗಂತ ಎಲ್ಲಾ ತಪ್ಪನ್ನ ಆ ಟೀಚರ್ ತಲೆಗೆ ಕಟ್ಟಲ್ಲ. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗಿಂದ ಸರ್ಕಾರ ಅವರನ್ನ ಶಿಕ್ಷಕಿ ಅಂದಿಲ್ಲ, 'ಕಾರ್ಯಕರ್ತೆ' ಅಂದಿದೆ. ಸಂಬಳ ಅಂದಿಲ್ಲ, 'ಗೌರವಧನ' ಅಂದಿದೆ. ತೂಕ, ಗರ್ಭಿಣಿಯರ ಪಟ್ಟಿ, ಸರ್ವೆ, ಮೊಬೈಲಲ್ಲಿ ಫೋಟೋ ಎಲ್ಲಾ ಅವರದ್ದೇ. ಗ್ರಾಚ್ಯುಟಿ ಅವರ ಹಕ್ಕು ಅಂತ ಹೇಳಿಸಿಕೊಳ್ಳೋಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯ್ತು. ಮಗೂನ ಮಡಿಲಿಗೆ ಹಾಕ್ಕೊಳ್ಳೋಕೆ ಅವರಿಗೆ ಪುರುಸೊತ್ತೆಲ್ಲಿ?

ಅದಕ್ಕೇ ಎರಡನ್ನೂ ಒಟ್ಟಿಗೆ ಕೇಳೋಣ. ಅವರು ಬೀದಿಗಿಳಿದಾಗ ನೀಲಿ ಬಾವುಟ ಹಿಡಿದು ಪಕ್ಕದಲ್ಲಿ ನಿಲ್ಲೋಣ. ಅದೇ ಬಾಯಲ್ಲಿ ಕೇಳೋಣ: ಅಕ್ಕಾ, ಕೇರಿ ಮಗು ಎಲ್ಲಿ ಕೂತಿದೆ? ಅದು 'ಅಣ್ಣು' ಅಂದಾಗ ನೀವು ಏನಂದ್ರಿ?

ನಾಳೆ ನಿಮ್ಮೂರಿನ ಅಂಗನವಾಡಿಗೆ ಒಂದು ಸಲ ಹೋಗಿ. ಗೋಡೆ ಮೇಲಿನ ಚಿತ್ರ ಆಮೇಲೆ ನೋಡಿ, ಮೊದಲು ಬಾಗಿಲ ಹತ್ರ ಯಾರು ಕೂತಿದ್ದಾರೆ ನೋಡಿ.

ಜೈಭೀಮ್.