ಯಂತ್ರ ಎಲ್ಲರದು, ಕೈ ಯಾರದು?

ಸರ್ಕಾರದ ದುಡ್ಡಿನಲ್ಲಿ ತಂದ ಯಂತ್ರ ಯಾರದು? ಜನರದು ಅಂತೀರಿ. ಸರಿ. ಆ ಯಂತ್ರದ ಮುಂದೆ ಕೂತು ಅದನ್ನು ನಡೆಸುವ ಹಕ್ಕು ಯಾರದು? ಈಗ ಸುಮ್ಮನಾದಿರಿ. ಆ ಮೌನದ ಬಗ್ಗೆಯೇ ನನ್ನ ತಕರಾರು.

ನಾನು ತಾಲ್ಲೂಕು ಕಾಲೇಜಿನಲ್ಲಿ ಓದಿ, ಹಾಸ್ಟೆಲ್ಲಿನ ಅನ್ನ ಉಂಡು, ಸಂಶೋಧನೆಗೆ ಅಂತ ಒಂದು ವಿಶ್ವವಿದ್ಯಾಲಯ ಸೇರಿದವನು. ಬೆಳ್ಳಿಯ ಅತಿ ಸಣ್ಣ ಕಣಗಳನ್ನು ಮಾಡುವುದು ನನ್ನ ಕೆಲಸ. ಅವನ್ನು ನೋಡಲು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಬೇಕು. ನಮ್ಮಲ್ಲಿ ಇರಲಿಲ್ಲ. ನಗರದ ದೊಡ್ಡ ಸಂಸ್ಥೆಯೊಂದರಲ್ಲಿ ಇತ್ತು. ಬಾಗಿಲಿಗೆ 'ಎಲ್ಲ ಬಳಕೆದಾರರಿಗೂ ಮುಕ್ತ' ಎಂಬ ಬೋರ್ಡು. ಶುಲ್ಕ ಕಟ್ಟಿದೆ. ಅಭ್ರಕದ ತುಂಡಿನ ಮೇಲೆ ಒಣಗಿಸಿದ ಸ್ಯಾಂಪಲ್ಲನ್ನು ಕೊಟ್ಟೆ. 'ಒಳಗೆ ಬಂದು ನೋಡಬಹುದಾ ಸಾರ್?' ಅಂದೆ.

'ಇದು ಬಹಳ ಸೂಕ್ಷ್ಮದ ಯಂತ್ರ ಕಣಯ್ಯ. ನಿಮ್ಮಂಥವರ ಕೈಗೆ ಸಿಕ್ಕಿದ್ರೆ ಅದರ ಕಥೆ ಮುಗೀತು. ಹೋಗು, ಚಿತ್ರ ಕಳಿಸ್ತೀವಿ.'

ಮೂರು ವಾರಕ್ಕೆ ಚಿತ್ರ ಬಂತು. ನನ್ನ ಕಣಗಳೆಲ್ಲ ತ್ರಿಕೋನ! ಒಂದೇ ಅಳತೆ, ಎಲ್ಲದರ ಮೂತಿಯೂ ಒಂದೇ ದಿಕ್ಕಿಗೆ. ನನಗೋ ಆಕಾಶ ಮೂರೇ ಗೇಣು. ವಿಚಾರ ಸಂಕಿರಣದಲ್ಲಿ ಎದೆಯುಬ್ಬಿಸಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ವಿಜ್ಞಾನಿಯೊಬ್ಬರು ಮೆಲ್ಲಗೆ ಕೇಳಿದರು: 'ಸ್ಯಾಂಪಲ್ ತಿರುಗಿಸಿಟ್ಟು ನೋಡಿದ್ರೇನಪ್ಪಾ?' ತಿರುಗಿಸಿ ನೋಡಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಸಭೆ ನಕ್ಕಿತು. ಆ ನಗುವನ್ನು ನಾನಿನ್ನೂ ಮರೆತಿಲ್ಲ.

ಏನಾಗಿತ್ತು ಅನ್ನೋದು ತಿಳಿಯಬೇಕಾದರೆ ಯಂತ್ರ ತಿಳಿಯಬೇಕು. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟಾಫ್ ಗೆರ್ಬರ್ ಎಂಬ ಮೂವರು ಇದನ್ನು ಲೋಕಕ್ಕೆ ಕೊಟ್ಟರು. ಹೆಸರು ಮೈಕ್ರೋಸ್ಕೋಪ್ ಆದರೂ ಇದರ ಚಿತ್ರ ಮಸೂರದಿಂದ ಹುಟ್ಟುವುದಿಲ್ಲ. ಕುರುಡ ಕೋಲಿನಿಂದ ದಾರಿ ತಡವುವ ಹಾಗೆ ಇದು ತಡವಿ ತಡವಿ ಕಾಣುತ್ತದೆ. ಕೂದಲಿಗಿಂತ ತೆಳ್ಳಗಿನ ಒಂದು ಸಿಲಿಕಾನ್ ಪಟ್ಟಿ, ಅದರ ತುದಿಗೆ ಒಂದು ಮೊನೆ. ಮೊನೆಯ ಚೂಪು ಸುಮಾರು 10 ನ್ಯಾನೊಮೀಟರು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೊಮೀಟರು. ಪಟ್ಟಿಯ ಬೆನ್ನಿಗೆ ಲೇಸರ್ ಬೆಳಕು ಬಿದ್ದು, ಪ್ರತಿಫಲಿಸಿ, ನಾಲ್ಕು ಭಾಗದ ಒಂದು ಬೆಳಕಿನ ಗ್ರಾಹಕದ ಮೇಲೆ ಬೀಳುತ್ತದೆ. ಮೊನೆ ಏರಿದರೆ ಬೆಳಕು ಸರಿಯುತ್ತದೆ, ಇಳಿದರೆ ಸರಿಯುತ್ತದೆ. ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಬೇಕು, ಬರಬೇಕು. ಸೆಕೆಂಡಿಗೊಂದು ಸಾಲಿನಂತೆ 512 ಸಾಲಿಗೆ ಎಂಟೂವರೆ ನಿಮಿಷ.

ಮುಟ್ಟಬೇಡ ಮುಟ್ಟಬೇಡ ಎಂದೇ ಕಲಿಸಿದ ನಾಡಿಗೆ ಮುಟ್ಟಿಯೇ ಕಾಣುವ ಯಂತ್ರ ಬಂತು. ಬಂದ ತಕ್ಷಣ ಅದಕ್ಕೂ ಒಂದು ಗರ್ಭಗುಡಿ ಕಟ್ಟಿದೆವು!

ಈಗ ತ್ರಿಕೋನದ ಗುಟ್ಟು. ಮೊನೆ ಮುರಿದಿದ್ದರೆ ಏನಾಗುತ್ತೆ? ಚೂಪಾದ ಮೊನೆ ಕಣದ ಆಕಾರವನ್ನು ಹೇಳುತ್ತದೆ. ಮುರಿದ ಮೊನೆ ತನ್ನ ಆಕಾರವನ್ನೇ ಪ್ರತಿ ಕಣದ ಮೇಲೂ ಒತ್ತಿ ಹೇಳುತ್ತದೆ. ಕಣ ದುಂಡಗಿದ್ದರೂ ಚಿತ್ರ ತ್ರಿಕೋನ. ಮೊನೆ ಎರಡಾಗಿ ಸೀಳಿದ್ದರೆ ಪ್ರತಿ ಕಣಕ್ಕೂ ಒಂದು ಅವಳಿ. ಸ್ಯಾಂಪಲ್ಲನ್ನು ಕಾಲು ಸುತ್ತು ತಿರುಗಿಸಿಡಿ. ಆಕಾರವೂ ಜೊತೆಗೆ ತಿರುಗಿದರೆ ಅದು ಸ್ಯಾಂಪಲ್ಲಿನದು. ತಿರುಗದಿದ್ದರೆ ಮೊನೆಯದು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಸದೆ ನನ್ನನ್ನು ಬಾಗಿಲಾಚೆ ನಿಲ್ಲಿಸಿದ್ದರು.

ಕಲಿಸಿದವರು ಯಾರು ಗೊತ್ತಾ? ಆ ಕೋಣೆಯಲ್ಲಿ ವರ್ಷಗಟ್ಟಲೆ ಯಂತ್ರ ನಡೆಸುತ್ತಿದ್ದ ಒಬ್ಬ ಗುತ್ತಿಗೆ ನೌಕರ. ಚಿತ್ರ ಹಿಡಿದು ಹೋದಾಗ ಒಂದು ಸಲ ನೋಡಿ ಹೇಳಿದರು: 'ಮೊನೆ ಮುರಿದಿದೆ ತಮ್ಮಾ. ನಿನ್ನ ಸ್ಯಾಂಪಲ್ ನೋಡಿದ ದಿನ ನಾನು ರಜ. ಅದಕ್ಕೂ ಮುಂಚೆ ಯಾರೋ ಮುರಿದು, ಬರೀದೇ ಹೋಗಿದಾರೆ.'

'ಯಾಕಣ್ಣ ಬರೀಲಿಲ್ಲ?'

ಅವರು ಗೋಡೆ ತೋರಿಸಿದರು. ಮೊನೆ ಮುರಿದವರು ದಂಡ ಕಟ್ಟಬೇಕು, ಮೂರು ತಿಂಗಳು ಯಂತ್ರದ ಹತ್ತಿರ ಬರಕೂಡದು ಎಂದು ಅಲ್ಲೊಂದು ನೋಟೀಸು!

ಗೆಳೆಯರೇ, ಆ ನೋಟೀಸೇ ನನ್ನ ತ್ರಿಕೋನದ ತಾಯಿ. ತಪ್ಪಿಗೆ ಶಿಕ್ಷೆ ಇಟ್ಟಲ್ಲಿ ತಪ್ಪು ನಿಲ್ಲುವುದಿಲ್ಲ, ತಪ್ಪು ಹೇಳುವುದು ನಿಲ್ಲುತ್ತದೆ. ಒಬ್ಬ ಹೆದರಿ ಮುಚ್ಚಿಟ್ಟದ್ದು ಮುಂದಿನ ಹತ್ತು ಜನರ ಪ್ರಬಂಧದಲ್ಲಿ ಸತ್ಯ ಅಂತ ಅಚ್ಚಾಗುತ್ತದೆ. ಹಂಚಿಕೊಂಡ ಯಂತ್ರದಲ್ಲಿ ಸುಳ್ಳೂ ಹಂಚಿಹೋಗುತ್ತದೆ.

ಮಾರನೆ ದಿನ ಸಂಜೆ ಆ ಅಣ್ಣ ನನ್ನನ್ನು ಯಂತ್ರದ ಮುಂದೆ ಕೂರಿಸಿದರು. ಚಿಮಟದಲ್ಲಿ ಮೊನೆ ಹಿಡಿಯುವುದು, ಲೇಸರನ್ನು ಪಟ್ಟಿಯ ತುದಿಗೆ ತರುವುದು, ಉಸಿರು ಬಿಗಿಹಿಡಿದು ಮೊನೆಯನ್ನು ಇಳಿಸುವುದು. ಗೇನ್ ಹೆಚ್ಚಿಟ್ಟರೆ ಚಿತ್ರದಲ್ಲಿ ಇಲ್ಲದ ಅಲೆ ಏಳುತ್ತದೆ. ಕಡಿಮೆ ಇಟ್ಟರೆ ಕಣಕ್ಕೆ ಬಾಲ ಬೆಳೆಯುತ್ತದೆ. ಹೋಗುವ ಸಾಲೂ ಬರುವ ಸಾಲೂ ಒಂದರ ಮೇಲೊಂದು ಕೂರಬೇಕು. ಎರಡು ಗಂಟೆಯಲ್ಲಿ ನನ್ನ ಕೈ ನಡುಕ ನಿಂತಿತು. ಹೊಸ ಮೊನೆಯಲ್ಲಿ ನನ್ನ ಕಣಗಳು ದುಂಡಗೆ ಎದ್ದು ಬಂದವು. ಎತ್ತರ ಸುಮಾರು 20 ನ್ಯಾನೊಮೀಟರು. 'ಅಗಲ ನಂಬಬೇಡ, ಅದರಲ್ಲಿ ಮೊನೆಯ ದಪ್ಪವೂ ಸೇರಿರುತ್ತೆ. ಎತ್ತರ ನಂಬು' ಅಂದರು. ಯಾವ ಪ್ರೊಫೆಸರೂ ನನಗೆ ಈ ಮಾತು ಹೇಳಿರಲಿಲ್ಲ. ಆ ಯಂತ್ರದ ಚಿತ್ರಗಳಿಂದ ಹೊರಬಂದ ಪ್ರಬಂಧಗಳನ್ನು ಹುಡುಕಿ ನೋಡಿದೆ. ನನ್ನ ಕಣ್ಣಿಗೆ ಬಿದ್ದ ಒಂದರಲ್ಲೂ ಆ ಅಣ್ಣನ ಹೆಸರಿಲ್ಲ. ಕೃತಜ್ಞತೆಯ ಸಾಲಿನಲ್ಲೂ ಇಲ್ಲ. ಬುದ್ಧಿ ಮೇಲಿನದು, ಕೈ ಕೆಳಗಿನದು ಎಂಬ ಹಳೇ ಪಾಠ ಪ್ರಯೋಗಶಾಲೆಯ ಬಿಳಿ ಕೋಟು ತೊಟ್ಟು ಕೂತಿದೆ.

'ಮೊನೆಗೆ ಸಾವಿರಗಟ್ಟಲೆ ರೂಪಾಯಿ, ಎಲ್ಲರ ಕೈಗೂ ಕೊಟ್ಟರೆ ಗತಿಯೇನು?' ಎಂದು ಪಂಡಿತರು ಕೇಳುತ್ತಾರೆ. ಸ್ವಾಮಿ, ಮೊನೆ ಇರುವುದೇ ಸವೆಯುವುದಕ್ಕೆ. ನೇಗಿಲ ಗುಳ ಸವೆಯಿತು ಅಂತ ಯಾರಾದರೂ ಉಳುವುದನ್ನು ಬಿಡುತ್ತಾರಾ? ಅದನ್ನು ಚಲಿಸುವ ಸ್ಕ್ಯಾನರ್ ದುಬಾರಿಯದು, ನಿಜ. ಅದನ್ನು ಕಾಯುವುದು ಬೀಗವಲ್ಲ, ತರಬೇತಿ. ಕಲಿಯುವಾಗ ಮುರಿದ ಮೊನೆಯ ಬೆಲೆ ದೊಡ್ಡದೋ, ಮುರಿದ ಮೊನೆಯ ಚಿತ್ರ ನಂಬಿ ಹಾಳಾದ ಒಂದು ವರ್ಷದ ಬೆಲೆ ದೊಡ್ಡದೋ? ಪ್ರೊಫೆಸರರ ಮಗ ಮೊದಲ ಸಲ ಮುರಿದರೆ 'ಕಲೀತಾನೆ ಬಿಡಿ'. ನಾವು ಮುರಿದರೆ 'ನಮಗೆ ಗೊತ್ತಿತ್ತು'. ಈ ಲೆಕ್ಕ ಯಾವ ವಿಜ್ಞಾನದ್ದು?

ಕಾಗದದ ಮೇಲೆ ಎಲ್ಲವೂ ಇದೆ. ಸರ್ಕಾರಿ ದುಡ್ಡಿನ ಉಪಕರಣಗಳನ್ನು ಎಲ್ಲರೂ ಹುಡುಕಿ ಬಳಸಲಿ ಅಂತ 2020ರಲ್ಲಿ ಐ-ಸ್ಟೆಮ್ ಜಾಲ ಬಂತು. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಚಿಕೆಯ ಮಾರ್ಗಸೂಚಿ ಹೊರಡಿಸಿತು. ಅದರ ಹೆಸರು 'ಶ್ರೀಮಾನ್'! ಹಂಚಿಕೊಳ್ಳುವ ಯೋಜನೆಗೂ ಒಬ್ಬ ಶ್ರೀಮಾನನೇ ಬೇಕಾಯಿತು ನೋಡಿ. ನಗಬೇಡಿ, ಆ ಕಾಗದ ನಮಗೆ ಆಯುಧ. ಅದನ್ನು ಹಿಡಿದು ಕೇಳಬೇಕು. ಹೊರಗಿನವರಿಗೆ ಕಲಿಸಲು ಆಗುವುದೇ ಇಲ್ಲ ಅನ್ನೋದು ಸುಳ್ಳು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿ ಐಐಟಿಗಳು ನಡೆಸಿದ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದಲ್ಲಿ ಹೊರಗಿನ ಕಾಲೇಜುಗಳಿಂದ ಬಂದವರಿಗೂ ಯಂತ್ರದ ಮುಂದೆ ಕೂರಿಸಿ ಕಲಿಸಿದ್ದಾರೆ. ಮನಸ್ಸಿದ್ದರೆ ಆಗುತ್ತದೆ.

ನಾವು ಕೇಳುವುದು ಭಿಕ್ಷೆಯಲ್ಲ. ಶುಲ್ಕ ಕಟ್ಟಿದ ಪ್ರತಿ ವಿದ್ಯಾರ್ಥಿಗೂ ಯಂತ್ರದ ಮುಂದೆ ಕೂರುವ ಹಕ್ಕು ಬೇಕು. ಹಳೆಯ ಮೊನೆಗಳಲ್ಲಿ ಕಲಿಸಿ, ಮುರಿಯಲಿ ಬಿಡಿ. ಲಾಗ್‌ಬುಕ್ಕಿನಲ್ಲಿ 'ನಾನು ಮುರಿದೆ' ಎಂದು ಬರೆದವನಿಗೆ ದಂಡ ಹಾಕಬೇಡಿ, ಬೆನ್ನು ತಟ್ಟಿ. ಬರೀ ಚಿತ್ರ ಕೊಟ್ಟು ಸಾಗಹಾಕಬೇಡಿ. ಯಾವ ಮೊನೆ, ಎಷ್ಟು ಗೇನ್ ಅನ್ನೋದನ್ನೂ ಸೇರಿಸಿ ಮೂಲ ಫೈಲು ಕೊಡಿ. ಯಂತ್ರ ನಡೆಸಿದವರ ಹೆಸರು ಪ್ರಬಂಧದಲ್ಲಿ ಬರಲಿ.

ಹಳ್ಳಿಯ ಮೇಷ್ಟ್ರೇ, 'ಇದು ದೊಡ್ಡೂರಿನ ಜಗಳ' ಅಂತ ಪುಟ ತಿರುವಬೇಡಿ. ನಿಮ್ಮ ಶಾಲೆಯ ಬೀರುವಿನಲ್ಲೂ ಒಂದು ಮೈಕ್ರೋಸ್ಕೋಪ್ ಇದ್ದೀತು. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಹೊರಗೆ ಬಂದು, ಸಂಜೆ ಮತ್ತೆ ಒಳಗೆ ಹೋಗುವ ಮೈಕ್ರೋಸ್ಕೋಪ್. ಮಕ್ಕಳು ಗಾಜು ಒಡೆಯುತ್ತಾರೆ ಅಂತ ತಾನೇ ನಿಮ್ಮ ಹೆದರಿಕೆಯೂ? ನನ್ನ ಕೈ ನಡುಗಿದ್ದು ಆ ಸಂಜೆ ಮೊದಲಾದದ್ದಲ್ಲ. ಅದು ಅಂಥದೇ ಒಂದು ಬೀರುವಿನ ಮುಂದೆ, ಏಳನೇ ಕ್ಲಾಸಿನಲ್ಲಿ ಶುರುವಾದದ್ದು.

ನಾಳೆ ಬೆಳಿಗ್ಗೆ ಆ ಬೀಗ ತೆಗೀರಿ. ಒಡೆದರೆ ಒಡೆಯಲಿ.